ಅರ್ಧ ಕಪ್ ಸೊಪ್ಪಿನ ತೂಕ

ಟೇಪಣ್ಣನ ಅಂಗಡಿ ಎಂದರೆ ಅವನ ಮನೆಯ ಮುಂದಿನ ಕೋಣೆಯೇ. ಬೀದಿಯ ಕಡೆಗೆ ಅಗಲವಾದ ಕಿಟಕಿ, ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಗೋಡೆಗೆ ಒತ್ತಿಕೊಂಡಂತೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ. ಅಳತೆಯ ಟೇಪು ಬೆಳಿಗ್ಗೆ ಕೊರಳಿಗೆ ಬಿದ್ದರೆ ಮಲಗುವ ಹೊತ್ತಿಗೇ ಕೆಳಗಿಳಿಯುವುದು. ಹಾಗಾಗಿ ಬೀದಿಗೆಲ್ಲ ಅವನು ಟೇಪಣ್ಣ. ಒಮ್ಮೆ ಮರೆತು ಅದನ್ನು ಹಾಕಿಕೊಂಡೇ ಸ್ನಾನ ಮಾಡಿಬಂದಿದ್ದ. ಒದ್ದೆ ಟೇಪು ಹಗ್ಗದ ಮೇಲೆ ಒಣಗುವವರೆಗೆ ಇಬ್ಬರು ಗಿರಾಕಿಗಳು ಕಾದು ಕೂತಿದ್ದರು, ಪಾಪ. ಇನ್ನೊಂದು ಟೇಪು ತೆಗೆಯಬಾರದೇ ಎಂದು ಕೇಳಿದರೆ, ಅದರ ಮೇಲೆ ತನಗೆ ನಂಬಿಕೆ ಇಲ್ಲ ಎಂದನಂತೆ.

ಎದುರಿಗೆ ಯಾರೇ ಬರಲಿ, ಅವನು ಮೊದಲು ಭುಜ ನೋಡುತ್ತಾನೆ, ಆಮೇಲೆ ಸೊಂಟ, ಕೊನೆಗೆ ಮುಖ. ಬಹಳ ದಿನದ ಮೇಲೆ ಸಿಕ್ಕವರನ್ನು ಚೆನ್ನಾಗಿದ್ದೀರಾ ಎಂದು ಕೇಳುವ ಮೊದಲೇ "ಒಂದೂವರೆ ಇಂಚು ಇಳಿದಿದ್ದೀರಲ್ಲ" ಎನ್ನುತ್ತಾನೆ. ಇಳಿದವರಿಗೆ ಖುಷಿ. ಏರಿದವರು ಮಾತ್ರ ಆ ಬೀದಿ ಬಿಟ್ಟು ಬಳಸಿಕೊಂಡು ಹೋಗುತ್ತಾರೆ.

ಇರಲಿ, ಹೇಳಲು ಹೊರಟದ್ದು ಸೊಪ್ಪಿನ ವಿಷಯ. ಸೊಪ್ಪು ಎಂದರೆ ಅವನ ಹೆಂಡತಿ. ಮನೆಯ ಹಿಂದೆ, ಬಟ್ಟೆ ಒಗೆಯುವ ಜಾಗಕ್ಕೂ ಕಾಂಪೌಂಡು ಗೋಡೆಗೂ ನಡುವೆ, ಇಬ್ಬರು ಮಲಗುವ ಹಾಸಿಗೆಯಷ್ಟು ಅಗಲದ ಮಣ್ಣಿನ ಪಾತಿ. ಅದರ ತುಂಬ ಪಾಲಕ್ ಸೊಪ್ಪು. ನೀರು ಹಾಕಿ, ಕಳೆ ಕಿತ್ತು, ಹುಳ ಹಿಡಿದು ಅವಳು ಅದನ್ನು ಸಾಕಿದ್ದಳು. ಹೌದು, ಸಾಕಿದ್ದಳು ಎಂದೇ ಹೇಳಬೇಕು. ಅಕ್ಕಪಕ್ಕದವರಿಗೆ ಕಟ್ಟುಗಟ್ಟಲೆ ಕೊಡುತ್ತಿದ್ದಳು, ಬೇಡವೆಂದವರ ಮನೆಯ ಬಾಗಿಲಿಗೂ ಇಟ್ಟುಬರುತ್ತಿದ್ದಳು. ಜನ ಅವಳನ್ನು ಸೊಪ್ಪಿನಮ್ಮ ಎಂದು ಕರೆಯತೊಡಗಿದ್ದು ಹಾಗೆ. ಬೇರೆಯವರು ಸಿಹಿ ಕಂಡರೆ ಬಾಯಿ ಚಪ್ಪರಿಸುವಂತೆ ಇವಳಿಗೆ ಬೇಯಿಸಿದ ಸೊಪ್ಪು. ಎರಡು ಎಸಳು ಬೆಳ್ಳುಳ್ಳಿ, ಒಂದು ಚಿಟಿಕೆ ಮೆಣಸಿನ ಪುಡಿ, ಮೇಲೊಂದು ಹನಿ ಎಣ್ಣೆ. ತಟ್ಟೆಯಲ್ಲಿ ಅದೊಂದಿದ್ದರೆ ಉಳಿದದ್ದೇನಿದೆ ಎಂದು ನೋಡುವವಳೇ ಅಲ್ಲ.

ಅವಳ ಹೃದಯದ ಒಂದು ಕವಾಟ ಕೆಟ್ಟಿತು. ಆಪರೇಷನ್ ಮಾಡಿ ಅದರ ಜಾಗಕ್ಕೆ ಲೋಹದ್ದೊಂದನ್ನು ಕೂರಿಸಿದರು. ಆಪರೇಷನ್ ಸುಸೂತ್ರವಾಗಿಯೇ ಆಯಿತು. ಮನೆಗೆ ಬಂದ ಮೇಲೆ, ಹೊಲಿಗೆ ಯಂತ್ರ ನಿಲ್ಲಿಸಿ ಎಲ್ಲ ಸುಮ್ಮನಾದಾಗ, ಅವಳ ಎದೆಯೊಳಗಿಂದ ಟಿಕ್ ಟಿಕ್ ಎಂದು ಸಣ್ಣ ಸದ್ದು ಕೇಳುತ್ತಿತ್ತು. "ಒಳಗೆ ಯಾರೋ ಕೂತ್ಕೊಂಡು ಗುಂಡಿ ಹೊಲೀತಿದಾರೆ ಕಣ್ರೀ" ಎಂದು ನಗುತ್ತಿದ್ದಳು. ಟೇಪಣ್ಣ ನಗುತ್ತಿರಲಿಲ್ಲ. ಹೊಲಿಯುತ್ತ ಹೊಲಿಯುತ್ತ ನಡುವೆ ಯಂತ್ರದ ಚಕ್ರಕ್ಕೆ ಕೈ ಅಡ್ಡ ಹಿಡಿದು, ಆ ಸದ್ದು ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳಿಸಿಕೊಂಡು, ಮತ್ತೆ ಪೆಡಲು ತುಳಿಯುತ್ತಿದ್ದ.

ಲೋಹದ ಕವಾಟ ಇದ್ದವರ ರಕ್ತ ಗಟ್ಟಿಯಾದರೆ ಅಲ್ಲಿ ಹೆಪ್ಪುಗಟ್ಟುತ್ತದೆ. ಆದ್ದರಿಂದ ತೆಳುವಾಗಿಡಲು ದಿನಾ ಒಂದು ಮಾತ್ರೆ. ತೀರಾ ತೆಳುವಾದರೂ ಕಷ್ಟ, ಎಲ್ಲಾದರೂ ರಕ್ತ ಒಸರಿದರೆ ನಿಲ್ಲುವುದಿಲ್ಲ. ಅದಕ್ಕೊಂದು ರಕ್ತಪರೀಕ್ಷೆ ಇದೆ, ಅದರ ಅಂಕಿ ಎರಡೂವರೆಗೂ ಮೂರೂವರೆಗೂ ನಡುವೆ ನಿಲ್ಲಬೇಕು. ಈಗ ಕೇಳಿ ತಮಾಷೆ. ಲೋಕದಲ್ಲಿ ಅಷ್ಟೊಂದು ತಿನ್ನುವ ಪದಾರ್ಥಗಳಿದ್ದಾವೆ, ಆ ಮಾತ್ರೆಗೆ ಎದುರು ನಿಲ್ಲುವುದು ಹಸಿರು ಸೊಪ್ಪು! ಸೊಪ್ಪು ಹೆಚ್ಚು ತಿಂದರೆ ರಕ್ತ ಗಟ್ಟಿಯಾಗಿ ಅಂಕಿ ಇಳಿಯುತ್ತದೆ, ಕಡಿಮೆ ತಿಂದರೆ ಏರುತ್ತದೆ.

ಆಸ್ಪತ್ರೆಯಲ್ಲಿ ಊಟದ ಬಗ್ಗೆ ಹೇಳುವ ಮೇಡಂ ಒಬ್ಬರಿದ್ದರು. ಮೃದುವಾದ ಹೆಂಗಸು. ಬಲಗಡೆಯ ಭುಜ ಎಡಗಡೆಗಿಂತ ಕಾಲು ಇಂಚು ಕೆಳಗೆ ಎಂಬುದನ್ನು ಟೇಪಣ್ಣ ಮೊದಲ ದಿನವೇ ನೋಡಿಟ್ಟಿದ್ದ. ಅವರು ಹೇಳಿದ್ದರು, "ಸೊಪ್ಪು ತಿನ್ಬೇಡಿ ಅಂತ ನಾನು ಹೇಳಲ್ಲ ಅಮ್ಮ. ಎಷ್ಟು ತಿಂತೀರೋ ದಿನಾ ಅಷ್ಟೇ ತಿನ್ನಿ. ಅರ್ಧ ಕಪ್ ಬೆಂದ ಸೊಪ್ಪು ಅಂತಿಟ್ಕೊಳ್ಳೋಣ. ಅದಕ್ಕೆ ತಕ್ಕ ಹಾಗೆ ಡಾಕ್ಟ್ರು ಮಾತ್ರೆ ಹೊಂದಿಸ್ತಾರೆ. ಇವತ್ತು ಬುಟ್ಟಿ, ನಾಳೆ ಚಮಚ ಅಂತ ಮಾಡ್ಬೇಡಿ, ಅಷ್ಟೆ."

ಅಳತೆ ಎಂದ ಮೇಲೆ ಟೇಪಣ್ಣನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಯಲ್ಲಿ ಒಂದು ಸ್ಟೀಲಿನ ಅಳತೆ ಕಪ್ಪಿತ್ತು. ಅದರ ಒಳಮೈಯಲ್ಲಿ ಅರ್ಧಕ್ಕೆ ಸರಿಯಾಗಿ ಗೆರೆ. ಆ ಕಪ್ಪಿಗೆ ಬೇರೇನೂ ಮುಟ್ಟಿಸಬಾರದು ಎಂದು ಗೋಡೆಯ ಮೊಳೆಗೆ ಬೇರೆಯಾಗಿ ನೇತುಹಾಕಿದ. ಒಲೆಯ ಮುಂದೆ ನಿಲ್ಲುವ ಕೆಲಸವನ್ನೂ ತಾನೇ ವಹಿಸಿಕೊಂಡ. ಶಾಲೆಗಳು ಶುರುವಾಗುವ ಹೊತ್ತಿಗೆ ಯೂನಿಫಾರಮ್ಮಿನ ರಾಶಿ ಬಂದು ಬೀಳುತ್ತದಲ್ಲ, ತಲೆ ಎತ್ತಲು ಪುರುಸೊತ್ತಿಲ್ಲದ ಆ ವಾರಗಳಲ್ಲಿ ಮಾತ್ರ ಸೊಪ್ಪಿನಮ್ಮ ಅಡುಗೆಗೆ ನಿಲ್ಲುವುದು. ಯಾರೇ ಬೇಯಿಸಲಿ, ಅದೇ ಕಪ್ಪು, ಅದೇ ಗೆರೆ.

ಹೀಗಿದ್ದೂ ಅಂಕಿ ನಿಲ್ಲಲಿಲ್ಲ. ಒಂದು ಸಲ ಎರಡಕ್ಕೂ ಕೆಳಗೆ. ಡಾಕ್ಟರು ಮಾತ್ರೆ ಏರಿಸಿದರು. ಯೂನಿಫಾರಮ್ಮಿನ ಕಾಲ ಮುಗಿಯುವ ಹೊತ್ತಿಗೆ ಪರೀಕ್ಷೆ ಮಾಡಿಸಿದರೆ ನಾಲ್ಕರ ಮೇಲೆ. ಮಾತ್ರೆ ಇಳಿಸಿದರು. ಟೇಪಣ್ಣ ಮತ್ತೆ ಒಲೆಯ ಮುಂದೆ ನಿಂತ, ಅಂಕಿ ಮತ್ತೆ ಕೆಳಗೆ. ಅಂದು ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮ, ಹೀಗೇ ಮೇಲೆ ಕೆಳಗೆ ಆಗ್ತಿದ್ರೆ ಅಪಾಯ. ಇನ್ನೊಂದು ಸಲ ನೋಡೋಣ. ಮುಂದಿನ ಪರೀಕ್ಷೇಲೂ ಸರಿಹೋಗ್ಲಿಲ್ಲ ಅಂದ್ರೆ ಸೊಪ್ಪು ಪೂರ್ತಿ ಬಿಡಿಸ್ಬೇಕಾಗುತ್ತೆ ಅಂತ ಡಾಕ್ಟ್ರು ಹೇಳ್ತಿದಾರೆ."

ಸೊಪ್ಪಿನಮ್ಮ ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡಿದಳು. ಟೇಪಣ್ಣನೇ ಬಾಯಿ ಹಾಕಿದ.

"ಅಳತೇಲಿ ತಪ್ಪಿಲ್ಲ ಮೇಡಂ. ಅರ್ಧ ಕಪ್ ಅಂದ್ರೆ ಅರ್ಧ ಕಪ್ಪೇ. ನನ್ನ ಕೈಲಿ ಅಳತೆ ತಪ್ಪಲ್ಲ."

"ಕಪ್ ಬಿಟ್ಟುಬಿಡಿ. ತೂಕ ಮಾಡಿ. ಬೆಂದ ಸೊಪ್ಪು, ನೀರು ಬಸಿದ ಮೇಲೆ, ತೊಂಬತ್ತು ಗ್ರಾಂ. ದಿನಾ ತೊಂಬತ್ತು."

ಮನೆಗೆ ಬಂದು ಚಪ್ಪಲಿ ಬಿಟ್ಟದ್ದೇ ತಡ, ಮಾತಿಗೆ ಮಾತು ಬೆಳೆಯಿತು.

"ನೀನು ಮಾತ್ರೆ ಮರೆತಿರ್ಬೇಕು ಕಣೇ."

"ನಿಮ್ಮ ಕಣ್ಣೆದುರಿಗೇ ನುಂಗ್ತೀನಲ್ರೀ. ನಾನು ನುಂಗೋದು ನೋಡಿ ನಿಮ್ಮ ಗಂಟಲೂ ಗುಟುಕ್ ಅನ್ನುತ್ತೆ."

"ಹಾಗಾದ್ರೆ ನಡುವೆ ಹೋಗಿ ಪಾತೀಲಿ ಹಸಿ ಎಲೆ ಮೆಲ್ತೀಯ."

"ನಾನೇನು ಮೇಕೆನಾ?"

"ಮತ್ತೆ ಅಂಕಿ ಯಾಕೆ ಕುಣಿಯುತ್ತೆ?"

"ನನ್ನ ಕೇಳಿದ್ರೆ? ಅಳತೆ ತಪ್ಪದ ಕೈ ನಿಮ್ದು ತಾನೆ!"

ಅವಳು ಹಿತ್ತಲಿಗೆ ಹೋಗಿ ಪಾತಿಯ ಅಂಚಿನಲ್ಲಿ ಕೂತಳು. ಕಿಟಕಿಯಿಂದ ನೋಡಿದರೆ ಬೆನ್ನಷ್ಟೇ ಕಾಣುತ್ತಿತ್ತು. ಆಪರೇಷನ್ನಿನ ನಂತರ ಆ ಬೆನ್ನು ಎಷ್ಟು ಕಿರಿದಾಗಿದೆ ಎಂಬುದು ಟೇಪಣ್ಣನಿಗಲ್ಲದೆ ಇನ್ಯಾರಿಗೆ ಗೊತ್ತು? ಅವಳ ರವಿಕೆಗಳ ಹೊಲಿಗೆಯನ್ನೆಲ್ಲ ಬಿಚ್ಚಿ ಒಳಗೆ ಹಿಡಿದು ಹೊಲಿದವನು ಅವನೇ. ಒಂದು ಸಲ ಹಿಡಿದದ್ದು ಸಾಲದೆ ಮತ್ತೆ ಬಿಚ್ಚಿ ಇನ್ನಷ್ಟು ಹಿಡಿದಿದ್ದ. ಆ ಕೆಲಸ ಮಾಡುವಾಗ ಮಾತ್ರ ಅಂಗಡಿಯ ಕಿಟಕಿ ಮುಚ್ಚಿಕೊಳ್ಳುತ್ತಿದ್ದ.

ಬೀದಿಯ ತುದಿಯಲ್ಲಿ ತರಕಾರಿ ಮಾರುವ ಹೆಂಗಸು, ಎಲ್ಲರೂ ತಕ್ಕಡಿ ಅಕ್ಕ ಎನ್ನುತ್ತಾರೆ. ಬಾಯಿ ಸ್ವಲ್ಪ ಜೋರು. ಮನಸ್ಸು ಹಾಗಲ್ಲ. ಈಚೆಗೆ ತಕ್ಕಡಿ ಹೋಗಿ ಅಂಕಿ ತೋರಿಸುವ ಹೊಸ ಯಂತ್ರ ಬಂದರೂ ಅಕ್ಕನ ಹೆಸರು ಮಾತ್ರ ಬದಲಾಗಲಿಲ್ಲ. ಮಧ್ಯಾಹ್ನ ವ್ಯಾಪಾರ ಇಲ್ಲದ ಹೊತ್ತು ನೋಡಿ ಟೇಪಣ್ಣ ಅಲ್ಲಿಗೆ ಹೋದ.

"ಅಕ್ಕ, ನಿನ್ನ ತೂಕದ ಯಂತ್ರ ಒಂದು ಗಂಟೆ ಕೊಡ್ತೀಯಾ?"

"ಯಾಕೆ ಟೇಪಣ್ಣ, ಪ್ಯಾಂಟು ತೂಕ ಮಾಡಿ ಮಾರ್ತೀಯಾ ಈಗ?"

ವಿಷಯ ಹೇಳಿದ. ಅಕ್ಕ ಅರ್ಧ ಕೇಳಿ ಎದ್ದಳು. ಉಳಿದರ್ಧವನ್ನು ದಾರಿಯಲ್ಲಿ ಕೇಳಿಸಿಕೊಳ್ಳುತ್ತ, ಯಂತ್ರವನ್ನು ಕಂಕುಳಲ್ಲಿ ಅವುಚಿಕೊಂಡು ತಾನೇ ಬಂದಳು. ಯಂತ್ರವನ್ನು ಒಬ್ಬಂಟಿಯಾಗಿ ಇನ್ನೊಬ್ಬರ ಮನೆಗೆ ಕಳಿಸುವವಳಲ್ಲ ಅವಳು.

ಈಗ ನೋಡಿ, ಟೇಪಣ್ಣ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೇ ಬಂದಿದ್ದ. ದರ್ಜಿಯ ಲೆಕ್ಕ. ಹೊಸ ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ, ಕುಗ್ಗುವಷ್ಟನ್ನು ಮೊದಲೇ ಸೇರಿಸಿ ಬಟ್ಟೆ ತೆಗೆದುಕೊಳ್ಳಬೇಕು. ಸೊಪ್ಪೂ ಕುಗ್ಗುತ್ತದೆ, ಅದೂ ಎಂಥ ಕುಗ್ಗುವಿಕೆ! ಪಾತ್ರೆಯ ತುಂಬ ಹಾಕಿದ್ದು ಬೆಂದರೆ ಒಂದು ಹಿಡಿ. ಆರರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ಹಾಗಾದರೆ ಬೆಂದ ಮೇಲೆ ತೊಂಬತ್ತು ಗ್ರಾಂ ಬರಬೇಕಾದರೆ ಹಸಿಯದು ಅದರ ಆರರಷ್ಟು. ಅರ್ಧ ಕಿಲೋಗೂ ಮೇಲಾಯಿತು. ದಿನಾ ಕೊಯ್ಯುತ್ತಿದ್ದದ್ದು ಅಷ್ಟಿರಲೇ ಇಲ್ಲ, ಅಂದರೆ ಇಷ್ಟು ದಿನ ತಾನು ಕೊಟ್ಟದ್ದು ಕಡಿಮೆಯೇ! ಹೀಗೆಂದುಕೊಂಡು ಸೀದಾ ಹಿತ್ತಲಿಗೆ ನಡೆದು ಪಾತಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕೊಯ್ಯತೊಡಗಿದ.

"ರೀ! ರೀ! ಏನ್ಮಾಡ್ತಿದ್ದೀರಿ? ಅರ್ಧ ಪಾತಿ ಬೋಳಾಯ್ತಲ್ರೀ!"

"ಸುಮ್ನಿರೇ. ಕುಗ್ಗೋ ಲೆಕ್ಕ ಇದು. ನಿನಗೆ ಗೊತ್ತಾಗಲ್ಲ."

ಸೊಪ್ಪಿನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅಕ್ಕ ಯಂತ್ರವನ್ನು ಕತ್ತರಿಸುವ ಮೇಜಿನ ಮೇಲಿಟ್ಟು, ಸಮ ಕೂತಿದೆಯೇ ಎಂದು ಬಗ್ಗಿ ನೋಡಿದಳು. ಸೊಪ್ಪು ತೊಳೆದು ನೀರು ಕೊಡವಿ ತೂಗಿದ್ದಾಯಿತು, ಐನೂರ ನಲವತ್ತು. ಬೇಯಿಸಿದ್ದಾಯಿತು. ಜರಡಿಯಲ್ಲಿ ಬಸಿದದ್ದೂ ಆಯಿತು. ಟೇಪಣ್ಣ ಅಂದುಕೊಂಡಂತೆಯೇ ಅದು ಕುಗ್ಗಿ, ಬಟ್ಟಲಿನ ತಳದಲ್ಲಿ ಕಡುಹಸಿರು ಮುದ್ದೆಯಾಗಿ ಕೂತಿತ್ತು. ಅವನು ಹೆಮ್ಮೆಯಿಂದ ಅದನ್ನು ಯಂತ್ರದ ಮೇಲಿಟ್ಟ. ಬಟ್ಟಲಿನ ತೂಕ ಕಳೆದು ನೋಡಿದರೆ ನಾನೂರ ಮೂವತ್ತು!

"ನಿನ್ನ ಯಂತ್ರ ಕೆಟ್ಟಿದೆ ಅಕ್ಕ."

"ಏನಂದೆ?" ಅಕ್ಕನ ದನಿ ಬೀದಿಗೆ ಕೇಳುವಂತಿತ್ತು. "ಇದರ ಮೇಲೆ ಒಂದು ಎಲೆ ಇಟ್ರೂ ಹೇಳುತ್ತೆ. ನಿನ್ನ ಬುದ್ಧಿ ಕೆಟ್ಟಿದೆ ಅಂತ ಹೇಳೋಕೆ ಮಾತ್ರ ಅದಕ್ಕೆ ಬಾಯಿಲ್ಲ, ಅದಕ್ಕೇ ನಾನು ಬಂದಿದ್ದು."

"ಪಾತ್ರೆ ತುಂಬ ಇದ್ದದ್ದು ಇಷ್ಟಾಗಿದೆ. ಆರರಲ್ಲಿ ಒಂದು ಪಾಲೂ ಇಲ್ಲ. ತೂಕ ಎಲ್ಲಿಂದ ಬಂತು?"

ಸೊಪ್ಪಿನಮ್ಮ ಬಾಗಿಲಿಗೆ ಒರಗಿ ನಿಂತಿದ್ದವಳು ಮೆಲ್ಲಗೆ ಕೇಳಿದಳು, "ರೀ, ಆ ಎದುರುಮನೆ ಮೇಷ್ಟ್ರ ಅಂಗಿ ಒಗೆದ ಮೇಲೆ ಗಿಡ್ಡ ಆಗಿ ಹೊಟ್ಟೆ ಕಾಣ್ತಿತ್ತಲ್ಲ, ಆ ಅಂಗಿ ಹಗುರ ಆಗಿತ್ತಾ?"

ಟೇಪಣ್ಣ ನಾಲಿಗೆ ಕಚ್ಚಿಕೊಂಡ. ಅಂಗಿ ಎಷ್ಟು ಕುಗ್ಗಿದರೂ ನೂಲು ಎಲ್ಲಿಗೆ ಹೋಗುತ್ತದೆ? ಇದ್ದಷ್ಟೇ ನೂಲು ಹತ್ತಿರ ಹತ್ತಿರ ಸರಿದು ಕೂರುತ್ತದೆ. ಸೊಪ್ಪೂ ಹಾಗೆಯೇ. ನಡುವಿನ ಗಾಳಿ ಹೋಗಿತ್ತು, ಒಂದಿಷ್ಟು ನೀರು ಬಸಿದಿತ್ತು, ಮಿಕ್ಕ ಸೊಪ್ಪೆಲ್ಲ ಅಲ್ಲಿಯೇ ಇತ್ತು. ಜೀವನವಿಡೀ ಕುಗ್ಗುವ ಬಟ್ಟೆಯ ಜೊತೆಗೇ ಕಳೆದವನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಅವನು ತಲೆ ಕೆರೆದುಕೊಂಡ. ಅಕ್ಕ ನಕ್ಕು ನಕ್ಕು ಸೆರಗಿನಂಚಿನಿಂದ ಕಣ್ಣೊರೆಸಿಕೊಂಡಳು.

"ಅಲ್ಲ ಟೇಪಣ್ಣ, ಇಷ್ಟನ್ನೂ ನಿಜವಾಗ್ಲೂ ಇವಳಿಗೆ ತಿನ್ಸಿದ್ದಿದ್ರೆ?"

ಆ ಮಾತಿಗೆ ಯಾರೂ ನಗಲಿಲ್ಲ. ಟೇಪಣ್ಣ ಬಟ್ಟಲನ್ನು ಯಂತ್ರದಿಂದ ಇಳಿಸಿ ದೂರ ಸರಿಸಿದ. ಅಕ್ಕನೇ ಮಾತು ತಿರುಗಿಸಿದಳು.

"ಬೇಯಿಸಿದ್ದಂತೂ ಆಯ್ತು. ನಿಮ್ಮ ಆ ಕಪ್ ತನ್ನಿ, ಅರ್ಧ ಕಪ್ ಎಷ್ಟು ತೂಗುತ್ತೆ ನೋಡೇಬಿಡೋಣ. ದಿನಾ ಹೇಗೆ ತುಂಬ್ತೀಯೋ ಹಾಗೇ ತುಂಬು."

ಟೇಪಣ್ಣ ಮೊಳೆಯಿಂದ ಕಪ್ಪು ತೆಗೆದ. ಚಮಚದಿಂದ ಸೊಪ್ಪು ಹಾಕಿದ, ಚಮಚದ ಬೆನ್ನಿನಿಂದ ಒತ್ತಿದ. ಮತ್ತೆ ಹಾಕಿದ, ಮತ್ತೆ ಒತ್ತಿದ. ಇಸ್ತ್ರಿ ಮಾಡುವಾಗ ಕಾಲರಿನ ಮೂಲೆಗಳನ್ನು ಹೇಗೆ ಒತ್ತುತ್ತಾನೋ ಹಾಗೆ, ಅಂಚಿನ ಸುತ್ತಲೂ ನಿಧಾನವಾಗಿ ಒತ್ತುತ್ತ ಬಂದ. ಗೆರೆಗೆ ಸರಿಯಾಗಿ ನಿಲ್ಲಿಸಿದ, ಕೂದಲೆಳೆಯಷ್ಟೂ ಮೇಲಿಲ್ಲ. ತೂಗಿದರೆ ನೂರ ಮೂವತ್ತು.

"ತೊಂಬತ್ತು ಎಲ್ಲಿ, ನೂರ ಮೂವತ್ತು ಎಲ್ಲಿ!" ಎಂದಳು ಅಕ್ಕ. "ಇದೇನು ಕಪ್ಪಿಗೆ ಸೊಪ್ಪು ಹಾಕೋದೋ, ದಿಂಬಿಗೆ ಹತ್ತಿ ತುಂಬೋದೋ? ಈಗ ನೀನು ತುಂಬಮ್ಮ."

ಸೊಪ್ಪಿನಮ್ಮ ಮುಂದೆ ಬರಲಿಲ್ಲ. "ನನ್ನದೇನು ನೋಡೋದು, ಅದೇ ಕಪ್ ತಾನೆ" ಎಂದಳು. ಅಕ್ಕ ಬಿಡಲಿಲ್ಲ. ಕೊನೆಗೆ ಬಂದು ಚಮಚ ಹಿಡಿದಳು. ಸೊಪ್ಪನ್ನು ಎತ್ತಿ, ಬಿಡಿಬಿಡಿಯಾಗಿಸಿ, ಹಕ್ಕಿಯ ಗೂಡು ಕಟ್ಟಿದ ಹಾಗೆ ಎಳೆಯೆಳೆಯಾಗಿ ಕಪ್ಪಿನೊಳಗೆ ಇಳಿಬಿಟ್ಟಳು. ಎಲೆಗಳ ನಡುವೆ ಬೆರಳು ತೂರುವಷ್ಟು ಜಾಗ. ಆದರೂ ಗೆರೆ ಮುಟ್ಟಿತು. ತೂಗಿದರೆ ಐವತ್ತೈದು.

ಅಕ್ಕ ಬಾಯಿ ತೆರೆದವಳು ಮುಚ್ಚಿಕೊಂಡಳು. ಬಾಯಿ ಜೋರಾದರೂ ಹೊತ್ತು ಅರಿಯದವಳಲ್ಲ ಎಂದು ಆಗಲೇ ಹೇಳಬೇಕಾಗಿತ್ತು. "ಅಂಗಡಿ ಹಾಗೇ ಬಿಟ್ಟು ಬಂದಿದ್ದೀನಿ, ಯಂತ್ರ ಸಂಜೆ ತಂದ್ಕೊಡು" ಎಂದು ಹೇಳಿ ಹೊರಟೇಹೋದಳು. ಅವಳು ಯಂತ್ರ ಬಿಟ್ಟು ಹೋದದ್ದು ಅದೇ ಮೊದಲು.

ಟಿಕ್ ಟಿಕ್ ಎನ್ನುವುದು ಇಬ್ಬರಿಗೂ ಕೇಳುತ್ತಿತ್ತು. ಒಂದೇ ಕಪ್ಪು, ಒಂದೇ ಗೆರೆ. ತಾನು ಬೇಯಿಸಿದ ತಿಂಗಳುಗಳಲ್ಲಿ ಅಂಕಿ ಇಳಿದದ್ದೇಕೆ, ಅವಳು ಬೇಯಿಸಿದಾಗ ಏರಿದ್ದೇಕೆ ಎಂಬುದು ಟೇಪಣ್ಣನಿಗೆ ಈಗ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಒತ್ತಿ ಒತ್ತಿ ಇಡ್ತಿದ್ರಾ ದಿನಾ?" ಅವಳೇ ಕೇಳಿದಳು.

"ಗೆರೆ ದಾಟಿಲ್ಲ ಕಣೇ."

"ಗೆರೆ ಮಾತು ಬಿಡಿ. ಯಾಕೆ ಒತ್ತುತ್ತಿದ್ರಿ?"

ಟೇಪಣ್ಣ ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಾಡಿದ. "ನಿನ್ನ ರವಿಕೆ ಹಿಡಿಯೋಕೆ ಇನ್ನು ಬಟ್ಟೆ ಉಳಿದಿಲ್ಲ. ಹೊಲಿಗೆ ಮೇಲೆ ಹೊಲಿಗೆ ಬರ್ತಿದೆ. ನೀನು ಇಷ್ಟಪಟ್ಟು ತಿನ್ನೋದು ಇದೊಂದೇ. ಅದನ್ನೂ ಅಳೆದು ಕೊಡು ಅಂದ್ರು. ಅಳತೆ ಮೀರಬಾರದು, ಒಂದು ತುತ್ತು ಜಾಸ್ತಿನೂ ಹೋಗ್ಬೇಕು. ಇನ್ನೇನ್ ಮಾಡ್ಲಿ? ಒತ್ತಿದೆ."

ಸೊಪ್ಪಿನಮ್ಮ ಕಪ್ಪಿನೊಳಗೆ ನೋಡುತ್ತ ನಿಂತಳು.

"ಮತ್ತೆ ನೀನು?" ಎಂದ ಅವನು. "ಪಾತಿ ತುಂಬ ಸೊಪ್ಪು ಬೆಳೆಯೋಳು, ಇಷ್ಟು ತಿಂತಿದ್ದೀಯಾ?"

"ಹೆದರಿಕೆ ಕಣ್ರೀ."

"ಏನು ಹೆದರಿಕೆ?"

"ಇದು ನಿಂತು ಹೋದ್ರೆ ಅಂತ." ಗದ್ದ ಬಗ್ಗಿಸಿ ಎದೆಯ ಕಡೆಗೆ ತೋರಿಸಿದಳು. "ಸೊಪ್ಪು ತಿಂದ್ರೆ ರಕ್ತ ಗಟ್ಟಿಯಾಗುತ್ತೆ ಅಂದ್ರಲ್ಲ ಅವತ್ತು. ಆಮೇಲೆ ಅವ್ರು ಏನೇನು ಹೇಳಿದ್ರೋ ನನಗೆ ಕೇಳ್ಸಲೇ ಇಲ್ಲ. ಬಾಯಿಗಿಟ್ಟಾಗಲೆಲ್ಲ ಅದೇ ನೆನಪು. ತಿನ್ನದೇ ಇದ್ರೆ ನೀವು ಕೇಳ್ತೀರಿ. ಅದಕ್ಕೇ ಗೆರೆ ಮುಟ್ಟೋ ಹಾಗೆ ಮಾತ್ರ ಮಾಡ್ತಿದ್ದೆ."

ಗುಂಡಿ ಹೊಲೀತಿದಾರೆ ಎಂದು ತಮಾಷೆ ಮಾಡುತ್ತಿದ್ದವಳು ಒಳಗೊಳಗೇ ಇಷ್ಟು ಹೆದರಿಕೊಂಡು ಓಡಾಡುತ್ತಿದ್ದಳು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಊರಿನವರ ಭುಜ ಸೊಂಟ ಎಲ್ಲ ಕಣ್ಣಲ್ಲೇ ಅಳೆಯುತ್ತಿದ್ದವನು! ಅವನು ಯಂತ್ರದ ಮೇಲೆ ಖಾಲಿ ತಟ್ಟೆ ಇಟ್ಟು, ಸೊನ್ನೆ ಬರುವಂತೆ ಗುಂಡಿ ಒತ್ತಿ, ಚಮಚವನ್ನು ಅವಳ ಕೈಗೆ ಕೊಟ್ಟ.

"ನೀನೇ ಹಾಕು."

ಅವಳು ಹಾಕಿದಳು. ಎಪ್ಪತ್ತಕ್ಕೆ ಕೈ ನಿಂತಿತು. ಇನ್ನೊಂದು ಚಮಚ, ಎಂಬತ್ತೈದು. ಕೊನೆಗೆ ಒಂದೆರಡು ಎಲೆ. ತೊಂಬತ್ತು. ಟೇಪಣ್ಣನ ಕೈ ಚಮಚದ ಕಡೆಗೆ ಹೋಗಿದ್ದನ್ನು ನೋಡಿ "ಒತ್ತಿದ್ರೂ ಇನ್ನು ಅಷ್ಟೇ ತೂಗೋದು, ಕೈ ಹಿಂದಕ್ಕೆ ತಗೊಳ್ಳಿ" ಎಂದಳು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. ಅವಳು ಅಲ್ಲಿಯೇ ಮೇಜಿನ ಬಳಿ ನಿಂತು, ಕತ್ತರಿ ಸೀಮೆಸುಣ್ಣಗಳ ನಡುವೆ ತಟ್ಟೆ ಇಟ್ಟುಕೊಂಡು ಅಷ್ಟನ್ನೂ ತಿಂದಳು. ಉಳಿದ ರಾಶಿಯನ್ನು ಟೇಪಣ್ಣ ಎರಡು ದಿನ ತಿಂದ. ಅವನಿಗೆ ಸೊಪ್ಪು ಅಷ್ಟಕ್ಕಷ್ಟೆ. ಆದರೆ ತಪ್ಪು ಲೆಕ್ಕ ಹಾಕಿದವನೇ ತಿನ್ನಬೇಕೆಂದು ಅವಳು ಪಟ್ಟು ಹಿಡಿದಳು.

ಅಂದು ಸಂಜೆ ಅಕ್ಕನ ಯಂತ್ರವನ್ನು ಒಪ್ಪಿಸಿ, ಅವಳ ಬಾಯಿಂದ ಇನ್ನೆರಡು ಮಾತು ಕೇಳಿಸಿಕೊಂಡು, ಪೇಟೆಗೆ ಹೋಗಿ ಅಂಥದ್ದೇ ಒಂದು ಚಿಕ್ಕದನ್ನು ತಂದ. ಬಟ್ಟೆಯನ್ನು ಮೇಜಿನ ಒಂದು ಕಡೆಗೆ ಸರಿಸಿ ಅದಕ್ಕೆ ಜಾಗ ಮಾಡಿದ. ಯಾರು ಬೇಯಿಸಿದರೂ ತಟ್ಟೆ ಅದರ ಮೇಲೆ ಹತ್ತಿ ಇಳಿಯಲೇಬೇಕು. ಗಿರಾಕಿಗಳು ಬಂದು "ಇದೇನು ಟೇಪಣ್ಣ?" ಎಂದು ಕೇಳಿದರೆ "ನಮ್ಮನೆಯವಳ ಸೊಪ್ಪಿಗೆ" ಎನ್ನುತ್ತಿದ್ದ, ಅದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ.

ಪರೀಕ್ಷೆಯ ದಿನ ಬಂತು. ಬೆಳಿಗ್ಗೆಯೇ ರಕ್ತ ಕೊಟ್ಟು ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಟೇಪಣ್ಣ ಎದುರಿನ ಸಾಲಿನಲ್ಲಿ ಕೂತವರ ಭುಜಗಳನ್ನು ನೋಡಲು ಹೋಗಲಿಲ್ಲ. ನೆಲ ನೋಡುತ್ತ ಕೂತಿದ್ದ. ಅವಳೂ ನೆಲವನ್ನೇ ನೋಡುತ್ತಿದ್ದಳು. ಕರೆದರು, ಒಳಗೆ ಹೋದರು. ಮೇಡಂ ಕಾಗದ ನೋಡಿ, ಕನ್ನಡಕ ಮೂಗಿನ ಮೇಲೆ ಏರಿಸಿ ಇನ್ನೊಮ್ಮೆ ನೋಡಿದರು.

"ಎರಡು ಮುಕ್ಕಾಲು."

"ಅಂದ್ರೆ?" ಎಂದ ಟೇಪಣ್ಣ. ಗೊತ್ತಿದ್ದೂ ಕೇಳಿದ.

"ಸರಿಯಾಗಿದೆ ಅಂತ. ಇದು ಹೀಗೇ ನಿಂತ್ರೆ ಸೊಪ್ಪು ಬಿಡೋ ಮಾತೇ ಇಲ್ಲ. ಏನ್ ಮಾಡಿದ್ರಿ ಅಮ್ಮ?"

"ಇಬ್ರೂ ಕಪ್ಪಿಂದ ಕೈ ತೆಗೆದ್ವಿ ಮೇಡಂ" ಎಂದಳು ಸೊಪ್ಪಿನಮ್ಮ.

ಮೇಡಂಗೆ ಅದು ಅರ್ಥವಾಗಲಿಲ್ಲ. ಅರ್ಥವಾದವರಂತೆ ನಕ್ಕರು, ಒಳ್ಳೆಯ ಹೆಂಗಸು. ಇನ್ನು ಏಳಬಹುದು ಎಂದು ಟೇಪಣ್ಣ ಕುರ್ಚಿ ಹಿಂದಕ್ಕೆ ಸರಿಸಿದ. ಸೊಪ್ಪಿನಮ್ಮ ಏಳಲಿಲ್ಲ.

"ಮೇಡಂ, ಒಂದು ಕೇಳ್ಲಾ? ತೊಂಬತ್ತು ಅನ್ನೋದನ್ನ ನೂರು ಮಾಡ್ಕೋಬಹುದಾ? ದಿನಾ ನೂರೇ ತಿಂತೀನಿ, ಏರಿಳಿತ ಮಾಡಲ್ಲ."

ಮೇಡಂ ಕಾಗದವನ್ನು ಮತ್ತೆ ಎತ್ತಿಕೊಂಡರು. "ಹತ್ತು ಗ್ರಾಂ ಜಾಸ್ತಿ ಬೇಕಾ? ಇನ್ನೊಂದು ಪರೀಕ್ಷೆ ಹೀಗೇ ಬರ್ಲಿ. ಆಮೇಲೆ ಡಾಕ್ಟ್ರನ್ನ ಕೇಳಿ ಕೊಡೋಣ. ಆದ್ರೆ ದಿನಾ ಅಷ್ಟೇ, ಗೊತ್ತಾಯ್ತಲ್ಲ?"

ಸೊಪ್ಪಿನಮ್ಮ ತಲೆಯಾಡಿಸಿ ಗಂಡನ ಕಡೆಗೆ ನೋಡಿದಳು. ಟೇಪಣ್ಣ ತುಟಿ ಬಿಗಿದುಕೊಂಡು ಗೋಡೆಯ ಗಡಿಯಾರ ನೋಡುತ್ತಿದ್ದ. ಬಾಯಿ ಬಿಟ್ಟಿದ್ದರೆ ನೂರಿಪ್ಪತ್ತು ಎಂದೇ ಬರುತ್ತಿತ್ತು.